ಒಂದು ಕೂಡಿಸು

ಪತ್ರದಲ್ಲಿ ಕಳ್ಳತನ ಎಂಬ ಮಾತಿರಲಿಲ್ಲ. 'ದುರುಪಯೋಗ' ಎಂದಿತ್ತು. ಮೂರು ತಿಂಗಳಲ್ಲಿ ಮೂವತ್ತೊಂದು ಫಿಲ್ಟರುಗಳನ್ನು ಆಯಸ್ಸು ಮುಗಿಯುವ ಮೊದಲೇ ಎಸೆಯಲಾಗಿದೆ, ಬದಲಿಗೆ ಕಪಾಟಿನಿಂದ ಮೂವತ್ತೊಂದು ಹೊಸ ಫಿಲ್ಟರುಗಳನ್ನು ಪಡೆಯಲಾಗಿದೆ, ಇದಕ್ಕೆ ಶುಕ್ರವಾರ ಮಧ್ಯಾಹ್ನ ಹನ್ನೆರಡು ಗಂಟೆಯೊಳಗೆ ಸರಿಯಾದ ವಿವರಣೆ ಬಾರದಿದ್ದರೆ ಕೆಲಸದಿಂದ ತೆಗೆಯಲಾಗುವುದು ಎಂದಿತ್ತು.

ಡಯಾಲಿಸಿಸ್ ಘಟಕದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಫಿಲ್ಟರಕ್ಕ ಎಂದು. ಹನ್ನೊಂದು ಕುರ್ಚಿಗಳ ಆ ಘಟಕದಲ್ಲಿ ಬೆಳಗಿನ ಪಾಳಿಯ ತೊಳೆಯುವ ಕೋಣೆ ಅವಳದು. ಫಿಲ್ಟರ್ ಎಂದರೆ ಮೊಣಕೈಯಿಂದ ಮಣಿಕಟ್ಟಿನವರೆಗಿನಷ್ಟು ಉದ್ದದ ಪಾರದರ್ಶಕ ಕೊಳವೆ. ಒಳಗೆ ಕೂದಲೆಳೆಯಂಥ ಸಾವಿರಾರು ಸಣ್ಣ ನಾಳಗಳು. ರೋಗಿಯ ರಕ್ತ ಅದರೊಳಗೆ ಹಾದು ಶುದ್ಧವಾಗಿ ಮೈಗೆ ಮರಳುತ್ತದೆ. ಒಬ್ಬ ರೋಗಿಯ ಫಿಲ್ಟರನ್ನು ತೊಳೆದು, ಔಷಧದ ನೀರು ತುಂಬಿಸಿಟ್ಟು, ಮುಂದಿನ ಸಲ ಅದೇ ರೋಗಿಗೆ ಬಳಸುತ್ತಾರೆ. ಆ ಘಟಕದ ನಿಯಮ ಹತ್ತು ಸಲ. ಹತ್ತಾದ ಮೇಲೆ ಹಳದಿ ಚೀಲಕ್ಕೆ.

"ಸಾರ್, ನಾನು ಎಸೆದದ್ದೆಲ್ಲ ಹತ್ತು ಮುಗಿದದ್ದೇ," ಎಂದಳು ಅವಳು, ಸೋಮವಾರ ವ್ಯವಸ್ಥಾಪಕರ ಮೇಜಿನ ಎದುರು ನಿಂತು. ಕೂರಲು ಅವರು ಹೇಳಿರಲಿಲ್ಲ.

"ಕಂಪ್ಯೂಟರ್ ಆರು ಅನ್ನುತ್ತೆ. ಏಳು ಅನ್ನುತ್ತೆ. ಒಂದು ಕಡೆ ಐದು ಅನ್ನುತ್ತೆ. ನೀವು ಮಾತ್ರ ಎಲ್ಲ ಕಡೆ 'ಹತ್ತು ಆಯಿತು' ಅಂತ ಬರೆದಿದ್ದೀರಿ."

"ತೊಳೆಯೋಳು ನಾನು ಸಾರ್. ಕಂಪ್ಯೂಟರ್ ತೊಳೆಯಲ್ಲ."

"ಮಧ್ಯಾಹ್ನದ ಪಾಳಿಯವರದ್ದು ನೋಡಿ." ಅವರು ಇನ್ನೊಂದು ಹಾಳೆ ತಿರುಗಿಸಿ ತೋರಿಸಿದರು. "ಒಂದೂ ವ್ಯತ್ಯಾಸ ಇಲ್ಲ. ಅದೇ ಕೋಣೆ, ಅದೇ ಸಿಂಕು, ಅದೇ ಕಂಪ್ಯೂಟರ್. ನಿಮ್ಮ ಪಾಳಿಗೆ ಮಾತ್ರ ಅದಕ್ಕೆ ಎಣಿಸೋಕೆ ಬರಲ್ಲ ಅಂತೀರಾ?"

ಪತ್ರಕ್ಕಿಂತ ಆ ಹೋಲಿಕೆ ಹೆಚ್ಚು ಉರಿಯಿತು. ಮಧ್ಯಾಹ್ನದ ಪಾಳಿಯವನಿಗೆ ಘಟಕದಲ್ಲಿ ಇಟ್ಟ ಹೆಸರೇ ನಿಧಾನಪ್ಪ. ಫಿಲ್ಟರುಗಳನ್ನು ಸಿಂಕಿನ ಪಕ್ಕ ಸಾಲಾಗಿ ಮಲಗಿಸಿ, ಚಹಾ ಕುಡಿದು, ಫೋನಿನಲ್ಲಿ ಅರ್ಧ ಆಟ ನೋಡಿ, ಆಮೇಲೆ ಒಟ್ಟಿಗೆ ತೊಳೆಯುವ ಆಸಾಮಿ. ಅವಳದು ಹಾಗಲ್ಲ. ರೋಗಿಯಿಂದ ಬಿಡಿಸಿದ ಫಿಲ್ಟರಿನಲ್ಲಿ ಉಳಿದ ರಕ್ತ ಹತ್ತು ನಿಮಿಷ ಬಿಟ್ಟರೆ ನಾಳಗಳಲ್ಲಿ ಗಟ್ಟಿಯಾಗಲು ತೊಡಗುತ್ತದೆ. ಹಾಗಾಗಿ ಅವಳು ಕುರ್ಚಿಯ ಪಕ್ಕವೇ ನಿಂತಿದ್ದು, ಬಿಸಿ ಬಿಸಿಯಾಗಿ ಒಯ್ದು, ಅದರ ಮೇಲಿನ ಬಾರ್‌ಕೋಡ್ ಪಟ್ಟಿಯನ್ನು ಸ್ಕ್ಯಾನ್ ಮಾಡಿ, ನೀರಿಗೆ ಹಿಡಿಯುತ್ತಿದ್ದಳು. ಈಗ ನೋಡಿದರೆ ಅವನು ಸಾಚಾ, ಇವಳು ಕಳ್ಳಿ.

"ಇನ್ನೊಂದು ಮಾತು. ಕಪಾಟಿನ ಕೀಲಿ ನನ್ನ ಹತ್ತಿರ ಇರುತ್ತೆ. ವಿಚಾರಣೆ ಮುಗಿಯೋ ತನಕ ಪರದೆ ಮೇಲೆ ಹತ್ತು ಬರದೆ ಒಂದು ಫಿಲ್ಟರನ್ನೂ ಎಸೆಯೋ ಹಾಗಿಲ್ಲ."

"ಹಾಗಾದ್ರೆ ಹನ್ನೆರಡು ಸಲ, ಹದಿನೈದು ಸಲ ಹಾಕಬೇಕಾಗುತ್ತೆ ಸಾರ್. ಒಳಗೆ ಹೋಗೋದು ರಕ್ತ."

"ಪರದೆ ಏನು ಹೇಳುತ್ತೋ ಅದು," ಎಂದರು ವ್ಯವಸ್ಥಾಪಕರು, ಕನ್ನಡಕ ತೆಗೆದು ಒರೆಸುತ್ತಾ.

ಆ ಪರದೆಯನ್ನು ಮಾಡಿಕೊಟ್ಟವನು ಅವಳ ಮನೆಯಲ್ಲೇ ಇದ್ದ.

ಗಂಡನ ತಮ್ಮ. ನಾಲ್ಕು ಜನರ ಒಂದು ಸಣ್ಣ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದ. ಘಟಕಕ್ಕೆ ಹೊಸ ಲೆಕ್ಕದ ವ್ಯವಸ್ಥೆ ಬೇಕೆಂದಾಗ ಮುಖ್ಯ ಸಿಸ್ಟರ್ ಅವರ ಕಿವಿಗೆ ಹಾಕಿದ್ದು ಫಿಲ್ಟರಕ್ಕನೇ: "ನಮ್ಮ ಮೈದುನ ಇಂಥದ್ದೆಲ್ಲ ಮಾಡ್ತಾನೆ." ಅಲ್ಲಿಯವರೆಗೆ ಪ್ರತಿ ಫಿಲ್ಟರಿನ ಮೇಲೆ ಅಳಿಸದ ಪೆನ್ನಿನಿಂದ ಗೆರೆ ಎಳೆಯುವ ಪದ್ಧತಿಯಿತ್ತು. ಹೊಸ ವ್ಯವಸ್ಥೆ ಬಂದ ಮೇಲೆ ಪೆನ್ನು ಮುಟ್ಟಿಸಬಾರದೆಂದು ಆದೇಶವಾಯಿತು, ಎರಡು ಕಡೆ ಎಣಿಕೆಯಿದ್ದರೆ ಗೊಂದಲವಂತೆ. ಆಮೇಲೆ ಅವಳು ಎಣಿಸಿದ್ದು ತಲೆಯಲ್ಲಿ. ಅದೇನೂ ಕಷ್ಟದ್ದಲ್ಲ. ರೋಗಿಗಳು ಬರುವುದು ವಾರಕ್ಕೆ ಮೂರು ದಿನ, ದಿನ ತಪ್ಪಿದರೆ ಜೀವಕ್ಕೇ ತೊಂದರೆ, ಆದ್ದರಿಂದ ತಪ್ಪಿಸುವುದಿಲ್ಲ. ಹೊಸ ಫಿಲ್ಟರ್ ತೆರೆದ ದಿನ ನೆನಪಿದ್ದರೆ ಉಳಿದದ್ದು ಬೆರಳೆಣಿಕೆ.

ಸೋಮವಾರ ಸಂಜೆ ಮೈದುನ ಊಟಕ್ಕೆ ಕೂತಾಗ ಅವಳು ಪತ್ರವನ್ನು ತಟ್ಟೆಯ ಪಕ್ಕ ಇಟ್ಟಳು. ಗಂಡ ಲಾರಿಯ ಜೊತೆ ದೂರ ಹೋಗಿದ್ದ, ಬರುವುದು ಭಾನುವಾರ. ಅತ್ತೆ ಆಚೆ ಕೂತು ಸೊಪ್ಪು ಬಿಡಿಸುತ್ತಿದ್ದರು.

ಅವನು ಓದಿ ನಕ್ಕ. "ಅತ್ತಿಗೆ, ಒಂದು ಕೂಡಿಸೋದರಲ್ಲಿ ಕಂಪ್ಯೂಟರ್ ತಪ್ಪುತ್ತಾ? ಐದಕ್ಕೆ ಒಂದು ಕೂಡಿಸಿದ್ರೆ ಆರು. ಅದಕ್ಕೆ ಅದೊಂದೇ ಸರಿಯಾಗಿ ಬರೋದು."

"ಹಾಗಾದ್ರೆ ನಾನು ಕದ್ದೆ."

"ಅಯ್ಯೋ, ಹಾಗಲ್ಲ. ಎಲ್ಲೋ ಸ್ಕ್ಯಾನ್ ಮಾಡೋದು ಮರೆತಿರ್ತೀರಿ."

"ಮೂವತ್ತೊಂದು ಫಿಲ್ಟರ್ ಕಣೋ. ಒಂದೊಂದರಲ್ಲೂ ಮೂರು, ನಾಲ್ಕು, ಐದು ಸಲ ಮರೆತೆ. ನಿಧಾನಪ್ಪ ಒಂದು ಸಲವೂ ಮರೆಯಲಿಲ್ಲ. ಸಾರಿಗೆ ಉಪ್ಪು ಹಾಕೋದು ಎಂದಾದ್ರೂ ಮರೆತಿದೀನಾ ನಾನು?"

"ಒಂದು ಸಲ ಮರೆತಿದ್ದೆ ಕಣೇ," ಎಂದರು ಅತ್ತೆ ಆಚೆಯಿಂದ.

"ನೀವು ಸುಮ್ನಿರಿ ಅತ್ತೆ."

ಮೈದುನ ಕೈ ತೊಳೆದುಕೊಂಡು ಬಂದ. "ನಾನೇ ಪರೀಕ್ಷೆ ಮಾಡಿ ಕೊಟ್ಟಿದ್ದೀನಿ ಅತ್ತಿಗೆ. ಇನ್ನೂರು ಸಲ ಸ್ಕ್ಯಾನ್ ಮಾಡಿದೆ, ಇನ್ನೂರು ಬಂತು."

"ಎಲ್ಲಿ ಮಾಡಿದೆ?"

"ಆಫೀಸಲ್ಲಿ. ನನ್ನ ಮೇಜಿನ ಮೇಲೆ."

"ಒಬ್ಬನೇ ಕೂತ್ಕೊಂಡಾ?"

"ಒಬ್ಬನೇ. ಯಾಕೆ?"

"ಬುಧವಾರ ರಜೆ ಹಾಕು. ಬೆಳಗ್ಗೆ ಬಂದು ನನ್ನ ಕೋಣೆಯಲ್ಲಿ ನಿಂತು ನೋಡು. ನನ್ನ ಕೈ ಎಲ್ಲಿ ತಪ್ಪುತ್ತೆ ಅಂತ ತೋರಿಸು. ತೋರಿಸಿದ್ರೆ ಆ ಪತ್ರಕ್ಕೆ ನಾನೇ ಒಪ್ಪಿ ಸಹಿ ಹಾಕ್ತೀನಿ."

ಅವಳು ದನಿ ಏರಿಸಿರಲಿಲ್ಲ. ಆ ಮನೆಯಲ್ಲಿ ಅವಳು ದನಿ ಏರಿಸಿದರೆ ಯಾರೂ ಹೆದರುತ್ತಿರಲಿಲ್ಲ, ಇಳಿಸಿದರೆ ಹೆದರುತ್ತಿದ್ದರು. ಮೈದುನ ಬರುತ್ತೇನೆಂದ.

ಬುಧವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಮೊದಲ ತಂಡದ ಕುರ್ಚಿಗಳು ಒಂದೊಂದಾಗಿ ಬಿಡುಗಡೆಯಾಗತೊಡಗಿದವು. ಮೈದುನ ಪ್ಲಾಸ್ಟಿಕ್ ಗೌನು ತೊಟ್ಟು, ತಲೆಗೆ ಟೋಪಿ ಹಾಕಿ, ತೊಳೆಯುವ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಕೂತು ಮಡಿಲಲ್ಲಿ ತೆರೆದ ಲ್ಯಾಪ್‌ಟಾಪ್ ಇಟ್ಟುಕೊಳ್ಳಲು ಜಾಗವಿಲ್ಲದೆ ಅದನ್ನು ಒಣ ಕಪಾಟಿನ ಮೇಲಿಟ್ಟಿದ್ದ. ತೊಳೆಯುವ ಔಷಧದ ವಿನೆಗರಿನಂಥ ಘಾಟಿಗೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತು.

ಮೊದಲ ನಾಲ್ಕು ಫಿಲ್ಟರುಗಳು ಬಂದವು. ಅವಳು ಸ್ಕ್ಯಾನ್ ಮಾಡಿದಳು, ಗೋಡೆಯ ಪರದೆಯಲ್ಲಿ ಎಣಿಕೆ ಒಂದೊಂದು ಏರಿತು, ಏರಿದ್ದು ಹಾಗೇ ನಿಂತಿತು. ಮೈದುನ ಅವಳತ್ತ ನೋಡಿ ಹುಬ್ಬೇರಿಸಿದ. ಅದೇ ಅವಳನ್ನು ರೇಗಿಸಿತು.

ಐದನೆಯವನು ದರ್ಜಿ. ಎಪ್ಪತ್ತರ ಮುದುಕ, ಐವತ್ತು ವರ್ಷ ಹೊಲಿಗೆಯಂತ್ರದ ಮೇಲೆ ಬಗ್ಗಿ ಬಗ್ಗಿ ಬೆನ್ನು ಗೂನಾಗಿತ್ತು. ಸೂಜಿ ತೆಗೆದ ಮೇಲೆ ಅವನ ಕೈಯ ರಕ್ತ ಬೇಗ ನಿಲ್ಲುತ್ತಿರಲಿಲ್ಲ. ಹತ್ತಿಯನ್ನು ಒತ್ತಿ ಹಿಡಿದು ಕಾಲು ಗಂಟೆ, ಕೆಲವೊಮ್ಮೆ ಇಪ್ಪತ್ತು ನಿಮಿಷ ಕೂರಬೇಕು. ಆಮೇಲೆ ತಲೆ ಸುತ್ತು ಇಳಿಯಬೇಕು. ಅದಾದ ಮೇಲೆ ತೂಕದ ಯಂತ್ರ ಹತ್ತುವುದು.

"ಯಾರಿದು ಹೊಸಬ?" ಎಂದು ದರ್ಜಿ ಮೈದುನನನ್ನು ನೋಡಿ ಕೇಳಿದ. "ಗೌನು ನೋಡು, ತೋಳು ಒಂದು ಕಡೆ ಗಿಡ್ಡ. ಹೊಲಿದವನನ್ನು ಕರೆಸಿ ಎರಡು ಬಿಡಬೇಕು."

"ಇವನು ನನ್ನ ಮೈದುನ ಅಜ್ಜ. ಕಂಪ್ಯೂಟರ್ ಹೊಲಿಯೋನು," ಎಂದಳು ಫಿಲ್ಟರಕ್ಕ.

"ಅದರ ತೋಳಾದ್ರೂ ಸರಿ ಇದ್ಯಾ?"

ಸಿಸ್ಟರ್ ಕೈಯ ಟ್ಯಾಬ್‌ನಲ್ಲಿ ದರ್ಜಿಯ ಪುಟ ತೆರೆದು, ರಕ್ತದೊತ್ತಡ ಬರೆದು, ತೂಕಕ್ಕಾಗಿ ಕಾಯುತ್ತಾ ಟ್ಯಾಬನ್ನು ಕುರ್ಚಿಯ ಕೈ ಮೇಲೆ ಇಟ್ಟಳು. ಫಿಲ್ಟರಕ್ಕ ಫಿಲ್ಟರನ್ನು ಬಿಡಿಸಿಕೊಂಡು ಕೋಣೆಗೆ ನಡೆದಳು.

"ಇದು ಮೂರು ವಾರದ ಹಿಂದಿನ ಬುಧವಾರ ತೆರೆದದ್ದು. ಇವತ್ತಿಗೆ ಹತ್ತು," ಎಂದಳು ಮೈದುನನಿಗೆ. "ಪರದೆ ನೋಡು."

ಪರದೆಯಲ್ಲಿ ಐದು ಇತ್ತು. ಅವಳು ಸ್ಕ್ಯಾನ್ ಮಾಡಿದಳು. ಆರಾಯಿತು. ಮೈದುನ ತನ್ನ ಲ್ಯಾಪ್‌ಟಾಪಿನಲ್ಲೂ ನೋಡಿದ, ಅಲ್ಲೂ ಆರು. ಅವಳು ಫಿಲ್ಟರನ್ನು ನಲ್ಲಿಗೆ ಜೋಡಿಸಿ ನೀರು ಬಿಟ್ಟಳು. ಕೆಂಪು, ಆಮೇಲೆ ನಸುಗೆಂಪು, ಆಮೇಲೆ ಬರೀ ನೀರು. ಆಚೆ ದರ್ಜಿ ಹತ್ತಿ ಒತ್ತಿಕೊಂಡೇ ಕೂತಿದ್ದ. ಹದಿನೆಂಟು ನಿಮಿಷದ ನಂತರ ಸಿಸ್ಟರ್ ಅವನ ತೋಳು ಹಿಡಿದು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಟ್ಯಾಬ್ ಎತ್ತಿಕೊಂಡು, ತೂಕ ಬರೆದು, ಸೇವ್ ಒತ್ತಿದಳು.

ಲ್ಯಾಪ್‌ಟಾಪಿನಲ್ಲಿ ಆರು ಐದಾಯಿತು.

ಮೈದುನ ಪರದೆಗೆ ಮುಖ ಹಚ್ಚಿ ನಿಂತ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ. "ಇನ್ನೊಂದು ಸಲ ಮಾಡಿ," ಎಂದ.

"ಇನ್ನೊಂದು ಸಲ ಮಾಡೋಕೆ ಅವರ ಮೈಯಲ್ಲಿ ಇನ್ನೊಂದು ಸಲ ರಕ್ತ ಹರಿಸಬೇಕು. ಏನು ಕಂಡೆ ಅದು ಹೇಳು."

ಅವನು ಬಾಗಿಲಿಗೆ ಒರಗಿದ. "ಒಂದು ದೊಡ್ಡ ಬೀರು ಅಂದ್ಕೊಳ್ಳಿ ಅತ್ತಿಗೆ. ಒಬ್ಬೊಬ್ಬ ರೋಗಿಗೂ ಒಂದು ಡ್ರಾಯರ್. ಮೇಲೆ ರೋಗಿಯ ನಂಬರು, ಅದು ಕೀ. ಒಳಗೆ ಖಾನೆ ಖಾನೆ. ತೂಕದ್ದೊಂದು, ಬಿಪಿದೊಂದು, ಫಿಲ್ಟರ್ ಎಣಿಕೆದೊಂದು. ಹೀಗೆ ಖಾನೆಗಳಿರೋ ಡ್ರಾಯರಿಗೆ ಹ್ಯಾಶ್ ಅಂತೀವಿ. ಸಿಸ್ಟರ್ ಪುಟ ತೆರೆದಾಗ ಇಡೀ ಡ್ರಾಯರಿನ ನಕಲು ಅವರ ಟ್ಯಾಬಿಗೆ ಬಂತು. ಆಗ ಎಣಿಕೆ ಐದು. ನೀವಿಲ್ಲಿ ಆರು ಮಾಡಿದ್ರಿ. ಆಮೇಲೆ ಅವರು ಸೇವ್ ಒತ್ತಿದ್ರು. ತೂಕ ಒಂದೇ ಹೋಗಬೇಕಿತ್ತು. ಇಡೀ ನಕಲು ಹೋಯ್ತು. ಹಳೇ ಐದೂ ಅದರ ಜೊತೆ ಹೋಗಿ ನಿಮ್ಮ ಆರರ ಮೇಲೆ ಕೂತ್ಕೊಳ್ತು."

"ನಾನು ಬರೆದದ್ದನ್ನ ಅವಳು ಅಳಿಸಿದಳು."

"ಅವರಿಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ. ಅವರು ಪುಟ ತಡವಾಗಿ ತೆರೆದ ದಿನ ಮಾತ್ರ ನಿಮ್ಮದು ಉಳಿಯುತ್ತೆ."

"ನಿಧಾನಪ್ಪಂದು ಯಾಕೆ ಅಳಿಸಲ್ಲ?" ಎಂದು ಕೇಳುವಷ್ಟರಲ್ಲೇ ಅವಳಿಗೆ ಉತ್ತರ ಹೊಳೆದಿತ್ತು. ಅವನು ಚಹಾ ಕುಡಿದು ಬರುವಷ್ಟರಲ್ಲಿ ಸಿಸ್ಟರುಗಳು ಎಲ್ಲರ ತೂಕ ಬರೆದು ಸೇವ್ ಒತ್ತಿ ಮುಗಿಸಿರುತ್ತಾರೆ. ಅವನು ಕೂಡಿಸಿದ್ದರ ಮೇಲೆ ಬರೆಯಲು ಯಾರೂ ಉಳಿದಿರುವುದಿಲ್ಲ. ಅವಳು ಓಡಿ ಬಂದು ತೊಳೆದದ್ದಕ್ಕೆ ಅವಳ ಎಣಿಕೆ ಸತ್ತಿತ್ತು. ರಕ್ತ ಬೇಗ ನಿಂತು ತಟ್ಟನೆ ಎದ್ದು ನಡೆಯುವವರ ಎಣಿಕೆ ಸರಿಯಾಗಿತ್ತು. ದರ್ಜಿಯಂಥವರದ್ದು, ತಲೆ ಸುತ್ತಿ ಕೂರುವವರದ್ದು, ಎದ್ದು ನಿಲ್ಲಲು ಇಬ್ಬರು ಬೇಕಾದವರದ್ದು, ಅವರದ್ದೇ ತಪ್ಪಿತ್ತು. ಯಾರಿಗೆ ಹಳೆಯ ಫಿಲ್ಟರ್ ಹಾಕಲೇಬಾರದೋ ಅವರಿಗೇ ಯಂತ್ರ ಇನ್ನೂ ಐದು ಸಲ ಹಾಕು ಎನ್ನುತ್ತಿತ್ತು.

"ಹೇಗಿರಬೇಕಿತ್ತು ಇದು?"

"ಎಣಿಕೆನ ಯಾರೂ ಓದಿ, ಕೂಡಿಸಿ, ವಾಪಸ್ ಬರೆಯಬಾರದು. ಬೀರುಗೇ ಹೇಳಬೇಕು, ಈ ಕೀ, ಈ ಖಾನೆ, ಒಂದು ಕೂಡಿಸು ಅಂತ. ಅದು ತಾನೇ ಕೂಡಿಸಿಕೊಳ್ಳುತ್ತೆ. ನಡುವೆ ಯಾರೂ ಕೈ ಹಾಕೋಕಾಗಲ್ಲ. ತೂಕ ಬರೆಯೋರು ತೂಕದ ಖಾನೆ ಬಿಟ್ಟು ಬೇರೆ ಮುಟ್ಟಬಾರದು."

"ಹಾಗೆ ಹೇಳೋಕೆ ಬರುತ್ತಾ ಅದಕ್ಕೆ?"

"ಅದಕ್ಕೇ ಅಂತ ಒಂದು ಆಜ್ಞೆ ಇದೆ. ಒಂದು ಸಾಲು."

"ಗೊತ್ತಿತ್ತಾ ನಿನಗೆ?"

ಅವನು ನೀರು ಇಳಿಯುತ್ತಿದ್ದ ಸಿಂಕನ್ನು ನೋಡಿದ. "ಗೊತ್ತಿತ್ತು. ಸೇವ್ ಮಾಡೋ ಭಾಗ ಆಗಲೇ ಬರೆದಿಟ್ಟಿದ್ದೆ. ಅದನ್ನೇ ಎರಡೂ ಕಡೆ ಹಾಕಿದೆ. ಬೇಗ ಮುಗೀಲಿ ಅಂತ."

ಅವಳು ಕೈಗವಸು ಎಳೆದು ಬಿಚ್ಚಿ ಬುಟ್ಟಿಗೆ ಎಸೆದಳು. ಹೊಸ ಕೈಗವಸು ತೊಟ್ಟು ಆರನೆಯ ಫಿಲ್ಟರಿಗೆ ಹೋದಳು.

ಗುರುವಾರ ಸಂಜೆ ಅವನು ಮನೆಗೆ ಬಂದದ್ದು ನಗುನಗುತ್ತಾ. "ಸರಿ ಮಾಡಿಬಿಟ್ಟೆ ಅತ್ತಿಗೆ. ಹೊಸದು ಹಾಕಿದ್ದೀನಿ. ಇನ್ಮೇಲೆ ಒಂದೂ ತಪ್ಪಲ್ಲ."

"ಬರೆದು ಕೊಟ್ಟೆಯಾ?"

"ನಮ್ಮ ಕಂಪನಿಯ ದೊಡ್ಡವರು ಘಟಕಕ್ಕೆ ಮೇಲ್ ಕಳಿಸಿದ್ದಾರೆ." ಫೋನಿನಲ್ಲಿ ತೋರಿಸಿದ. 'ವ್ಯವಸ್ಥೆಯಲ್ಲಿ ಕೆಲವು ಸುಧಾರಣೆಗಳನ್ನು ಅಳವಡಿಸಲಾಗಿದೆ' ಎಂದಿತ್ತು.

ಅವಳು ಎರಡು ಸಲ ಓದಿದಳು. "ಇದರಲ್ಲಿ ನಾನೆಲ್ಲಿದ್ದೀನಿ?"

"ಅದು... ತಪ್ಪು ಅಂತ ಬರೆದರೆ ಕಂಪನಿಗೆ ಕಷ್ಟ ಅಂತ ಅವರು. ಇನ್ನೂ ಮೂರು ಆಸ್ಪತ್ರೆಗಳಿಗೆ ಮಾತಾಡ್ತಿದ್ದಾರೆ. ನಿಮ್ಮ ಪತ್ರಕ್ಕೆ ನಾವೇ ಒಳ್ಳೆ ಉತ್ತರ ಬರೆಯೋಣ ಬಿಡಿ. ತಾಂತ್ರಿಕ ಕಾರಣ ಅಂತ."

"ಬೀರಿನಲ್ಲಿರೋ ಹಳೇ ನಂಬರುಗಳು?"

"ಅವು ಹಾಗೇ ಇವೆ. ರೋಗಿಯ ದಾಖಲೆ ಅಲ್ವಾ, ಘಟಕ ಬರೆದು ಕೇಳದೆ ನಾನು ಮುಟ್ಟೋಕಾಗಲ್ಲ. ಆದರೆ ನಾಳೆಯಿಂದ ಸರಿಯಾಗಿ ಕೂಡುತ್ತೆ."

"ತಪ್ಪಿನ ಮೇಲೆ ಸರಿಯಾಗಿ ಕೂಡುತ್ತೆ! ದರ್ಜಿಗೆ ಐದು ಅಂತಿದೆ. ನಾಳೆ ಹನ್ನೊಂದನೇ ಸಲ ಹಾಕಿದ್ರೆ ಆರು ಅನ್ನುತ್ತೆ. ನಿನ್ನ ಹೊಸ ಪ್ರೋಗ್ರಾಂ ಒಂದೂ ತಪ್ಪದೆ, ಅಚ್ಚುಕಟ್ಟಾಗಿ, ಹದಿನೈದನೇ ಸಲ ಹಾಕಿಸುತ್ತೆ."

"ಅತ್ತಿಗೆ, ದನಿ ಕಡಿಮೆ..."

"ಅತ್ತೆ ಕಣ್ಣಿನ ಆಪರೇಷನ್‌ಗೆ ನಾನು ಹನ್ನೆರಡು ದಿನ ರಜೆ ಹಾಕಿದ್ದೆ, ನೆನಪಿದ್ಯಾ? ನನ್ನ ಬದಲು ಬಂದವನು ಪರದೆ ಹೇಳಿದ ಹಾಗೆ ಕೇಳಿದ. ನಾನು ಹೋಗೋ ದಿನ ದರ್ಜಿ ಫಿಲ್ಟರ್ ಒಂಬತ್ತು. ವಾಪಸ್ ಬಂದಾಗಲೂ ಅದೇ ಫಿಲ್ಟರ್ ಅಲ್ಲೇ ಕೂತಿತ್ತು. ಐದು ಸಲ ಹಾಕಿದ್ದಾನೆ. ಒಂಬತ್ತು, ಐದು. ನೀನೇ ಕೂಡಿಸು, ನಿನಗೆ ಬರುತ್ತಲ್ಲ."

ಅವನು ಕೂಡಿಸಲಿಲ್ಲ.

"ಆ ವಾರ ಆ ಮುದುಕನಿಗೆ ಚಳಿಜ್ವರ ಬಂದು ಎರಡು ದಿನ ಮೇಲಿನ ವಾರ್ಡಿನಲ್ಲಿ ಮಲಗಿದ್ದ. ಅದರಿಂದಲೇ ಬಂತು ಅಂತ ನಾನು ಹೇಳಲ್ಲ. ನನಗೆ ಗೊತ್ತಿಲ್ಲ. ಅದರಿಂದಲ್ಲ ಅಂತ ಹೇಳೋಕೆ ನಿಮ್ಮ ದೊಡ್ಡವರಿಗೆ ಗೊತ್ತಾ?"

ಅತ್ತೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಆಪರೇಷನ್ ಆದ ಕಣ್ಣು ದೀಪಕ್ಕೆ ಕಿರಿದಾಗಿತ್ತು. "ಏನಿದು ಇಬ್ಬರದ್ದು? ನಿನ್ನ ಕೆಲಸ ಹೋಗೋದು ಸಾಲದು ಅಂತ ಅವನದ್ದೂ ಕಳೀತೀಯೇನೇ? ಚಿಕ್ಕವನು, ಏನೋ ತಪ್ಪಾಗಿದೆ."

"ಮೂವತ್ತೆರಡು ವರ್ಷ ಅತ್ತೆ. ಚಿಕ್ಕವನಲ್ಲ." ಅವಳು ಮೈದುನನ ಕಡೆ ತಿರುಗಿದಳು. "ನಾಳೆ ಬೆಳಗ್ಗೆ ಏಳಕ್ಕೆ ದರ್ಜಿ ಬಂದು ಕೂರ್ತಾನೆ. ಆ ಫಿಲ್ಟರ್ ನಾನು ಕೊಡಲ್ಲ. ಹನ್ನೆರಡು ಗಂಟೆವರೆಗೆ ಕಾಯೋ ಅಗತ್ಯ ಅವರಿಗಿರಲ್ಲ, ಏಳಕ್ಕೇ ನನ್ನನ್ನ ಆಚೆ ಹಾಕ್ತಾರೆ. ಹಾಕಲಿ. ಎಂಟಕ್ಕೆ ಇನ್ಯಾರೋ ಬಂದು ಅದೇ ಫಿಲ್ಟರನ್ನ ಅದೇ ಮುದುಕನಿಗೆ ಹಾಕ್ತಾರೆ. ನೀನು ಇಲ್ಲಿ ಕೂತು ಸುಧಾರಣೆ ಮಾಡ್ತಿರು."

ಅವನಿಗೆ ಬಡಿಸಿದ ಅನ್ನ ತಟ್ಟೆಯಲ್ಲೇ ಆರಿತು.

ಶುಕ್ರವಾರ ಏಳಕ್ಕೆ ಐದು ನಿಮಿಷವಿರುವಾಗ ದರ್ಜಿ ತನ್ನ ಕುರ್ಚಿಯಲ್ಲಿ ಕೂತು ತೋಳು ಮಡಚಿಕೊಂಡ. ಸಿಸ್ಟರ್ ಫಿಲ್ಟರಿಗಾಗಿ ಕೈ ಚಾಚಿದಳು. ಫಿಲ್ಟರಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು ತೊಳೆಯುವ ಕೋಣೆಯ ಬಾಗಿಲಲ್ಲೇ ನಿಂತಳು.

"ಇದು ಹತ್ತು ಮುಗಿದಿದೆ ಸಿಸ್ಟರ್. ಹೊಸದು ಬೇಕು. ಕೀಲಿ ಇರೋರನ್ನ ಕರೀರಿ."

"ಅಕ್ಕಾ, ಬೆಳಬೆಳಗ್ಗೆ ಬೇಡ. ಪರದೆಯಲ್ಲಿ ಐದಿದೆ."

"ಕರೀರಿ."

ವ್ಯವಸ್ಥಾಪಕರು ಬಂದದ್ದು ಏಳೂ ಇಪ್ಪತ್ತಕ್ಕೆ, ಕೂದಲು ಇನ್ನೂ ಒದ್ದೆಯಿತ್ತು. ಅಷ್ಟು ಹೊತ್ತಿಗೆ ಉಳಿದ ಹತ್ತು ಕುರ್ಚಿಗಳ ಯಂತ್ರಗಳು ತಿರುಗತೊಡಗಿದ್ದವು. ಎಲ್ಲ ಹತ್ತು ಜನರ ಕಣ್ಣು ಬಾಗಿಲ ಮೇಲಿತ್ತು.

"ಇದಕ್ಕೆ ಅರ್ಥ ಗೊತ್ತೇನಮ್ಮ ನಿಮಗೆ? ರೋಗಿಯ ಚಿಕಿತ್ಸೆ ತಡೀತಿದ್ದೀರಿ."

"ತಡೀತಿಲ್ಲ ಸಾರ್. ಹೊಸದು ಕೊಡಿ, ಎರಡು ನಿಮಿಷದಲ್ಲಿ ಜೋಡಿಸ್ತೀನಿ."

"ದಾಖಲೆ ಐದು ಅನ್ನುತ್ತೆ."

"ದಾಖಲೆ ಸುಳ್ಳು."

"ನನಗೂ ನೆನಪಿದೆ," ಎಂದ ದರ್ಜಿ ಕುರ್ಚಿಯಿಂದ. "ಮೂರು ವಾರ ಆಯ್ತು ಹೊಸದು ಹಾಕಿ. ಮೊಮ್ಮಗಳು ಮನೆಗೆ ಬಂದ ದಿನ."

"ನಿಮ್ಮ ಮೊಮ್ಮಗಳು ದಾಖಲೆಯಲ್ಲ ಅಜ್ಜ," ಎಂದರು ವ್ಯವಸ್ಥಾಪಕರು.

"ದಾಖಲೆ ಅಲ್ಲ ಸ್ವಾಮಿ, ನಿಜ. ನನ್ನ ಕೈಗೆ ಸೂಜಿ ಚುಚ್ಚಿಸಿಕೊಂಡವನು ನಾನು. ಎಷ್ಟು ಸಲ ಅಂತ ನನ್ನ ಚರ್ಮಕ್ಕೆ ಗೊತ್ತಿರುತ್ತೆ, ನಿಮ್ಮ ಟಿವಿಗೆ ಗೊತ್ತಿರಲ್ಲ."

ಯಾರೋ ನಕ್ಕರು. ವ್ಯವಸ್ಥಾಪಕರ ಕಿವಿ ಕೆಂಪಾಯಿತು. ಅವರು ಫಿಲ್ಟರಿಗೆ ಕೈ ಹಾಕಿದರು. ಅವಳು ಬಿಡಲಿಲ್ಲ. ಐವತ್ತು ದಾಟಿದ ಗಂಡಸು, ನಲವತ್ತರ ಹೆಂಗಸು, ಒಂದು ಪ್ಲಾಸ್ಟಿಕ್ ಕೊಳವೆಯ ಎರಡು ತುದಿ ಹಿಡಿದು ನಿಂತದ್ದು ಹೊರಗಿನವರಿಗೆ ನಗೆಪಾಟಲಾಗಿ ಕಾಣಿಸಬಹುದಿತ್ತು.

"ಸಾರ್, ಬಿಡಿ. ಅವರು ಹೇಳ್ತಿರೋದು ಸರಿ."

ಮೈದುನ ಮೆಟ್ಟಿಲ ಕಡೆಯ ಬಾಗಿಲಲ್ಲಿದ್ದ. ಕ್ಷೌರವಾಗಿರಲಿಲ್ಲ, ಲ್ಯಾಪ್‌ಟಾಪ್ ಚೀಲ ಹೆಗಲಿನಿಂದ ಜಾರಿತ್ತು. ಜೇಬಿನಲ್ಲಿ ಫೋನು ಒಂದೇ ಸಮನೆ ಅದುರುತ್ತಿತ್ತು.

"ನೀವು ಯಾರ ಪರವಾಗಿ ಬಂದಿದ್ದೀರಿ? ಅತ್ತಿಗೆಯ ಪರವಾಗಿಯೋ ಕಂಪನಿಯ ಪರವಾಗಿಯೋ?" ಎಂದರು ವ್ಯವಸ್ಥಾಪಕರು.

"ಬರೆದವನ ಪರವಾಗಿ," ಎಂದ ಅವನು. "ಆ ಭಾಗ ಬರೆದದ್ದು ನಾನೇ. ಅವರು ಕೂಡಿಸಿದ್ದನ್ನ ಸಿಸ್ಟರ್ ಟ್ಯಾಬು ಅಳಿಸ್ತಿತ್ತು. ಬುಧವಾರ ಇಲ್ಲೇ ನಿಂತು ಕಣ್ಣಾರೆ ನೋಡಿದ್ದೀನಿ. ನಿನ್ನೆ ಸರಿ ಮಾಡಿದ್ದೀನಿ, ಆದರೆ ಹಳೇ ಎಣಿಕೆ ತಪ್ಪೇ ಇದೆ. ಮೂವತ್ತೊಂದು ಫಿಲ್ಟರೂ ಹತ್ತು ಮುಗಿಸಿದ್ದವೇ ಇರಬೇಕು."

"ಇರಬೇಕು ಅಂದ್ರೆ?"

"ಅಳಿಸಿಹೋದದ್ದು ಯಂತ್ರದಲ್ಲಿ ಎಲ್ಲೂ ಉಳಿದಿಲ್ಲ ಸಾರ್. ಅದನ್ನು ಸಾಬೀತು ಮಾಡೋಕಾಗಲ್ಲ. ಅವರು ತಪ್ಪು ಮಾಡಿದ್ದಾರೆ ಅಂತಲೂ ಆಗಲ್ಲ. ಹೇಗೆ ಅಳಿಸುತ್ತಿತ್ತು ಅಂತ ತೋರಿಸಬಲ್ಲೆ, ಅಷ್ಟೇ."

"ಬರೆದು ಕೊಡ್ತೀರಾ? ನಿಮ್ಮ ಹೆಸರಲ್ಲಿ?"

ಅವನು ಸಿಸ್ಟರ್ ಬಳಿ ಒಂದು ಬಿಳಿ ಹಾಳೆ ಕೇಳಿ, ಔಷಧದ ಟ್ರಾಲಿಯ ಮೇಲೆ ಇಟ್ಟು ಬರೆದ. ಒಂಬತ್ತು ಸಾಲು. 'ಸುಧಾರಣೆ' ಎಂಬ ಪದ ಅದರಲ್ಲಿರಲಿಲ್ಲ. 'ನನ್ನ ತಪ್ಪು' ಎಂದು ಎರಡು ಕಡೆ ಇತ್ತು. ಫಿಲ್ಟರಕ್ಕ ಅದನ್ನು ಇಸಿದುಕೊಂಡು ಓದಿ, "ದಿನಾಂಕ ಹಾಕು," ಎಂದು ಹಿಂದಿರುಗಿಸಿದಳು. ಆಗ ಅವಳು ಅವನ ಜೊತೆ ಆಡಿದ್ದು ಅದೊಂದೇ ಮಾತು.

ವ್ಯವಸ್ಥಾಪಕರು ಹಾಳೆಯನ್ನು ಮಡಚಿ ಜೇಬಿಗಿಟ್ಟರು. ಆಮೇಲೆ ಮೈದುನನನ್ನು ಕೇಳಿದರು: "ಹಾಗಾದ್ರೆ ಈಗ ಬೆಳಗಿನ ಪಾಳಿಯಲ್ಲಿ ಬಳಕೆಯಲ್ಲಿರೋ ಇಪ್ಪತ್ತೆರಡು ಫಿಲ್ಟರುಗಳ, ಇವತ್ತಿನವರ ಹನ್ನೊಂದು, ನಾಳೆಯವರ ಹನ್ನೊಂದು, ಸರಿಯಾದ ಎಣಿಕೆ ಎಷ್ಟು?"

"ಯಂತ್ರಕ್ಕೆ ಗೊತ್ತಿಲ್ಲ ಸಾರ್."

"ಯಾರಿಗೆ ಗೊತ್ತು?"

ಮೈದುನ ಫಿಲ್ಟರಕ್ಕನ ಕಡೆ ತಿರುಗಿದ. ವ್ಯವಸ್ಥಾಪಕರು ಮೂಗಿನ ಬುಡ ಒತ್ತಿಕೊಂಡರು. ಸೋಮವಾರ ಯಾರ ಮಾತನ್ನು ನಂಬಲಾಗದೆಂದು ಬರೆದು ಸಹಿ ಹಾಕಿದ್ದರೋ, ಈಗ ಅವಳ ಬಾಯಿಂದಲೇ ಎಣಿಕೆ ಕೇಳಿ ದಾಖಲೆಗೆ ಸೇರಿಸಲು ಒಪ್ಪಿಗೆ ಬರೆಯಬೇಕಿತ್ತು. ಮೈದುನ ಅದನ್ನೂ ಲಿಖಿತವಾಗಿಯೇ ಕೇಳಿದ. ಅವರು ಬರೆದರು.

"ಹೇಳಿ ಅತ್ತಿಗೆ. ಎಷ್ಟು ಕಡಿಮೆ ಇದೆ ಅಂತ ಹೇಳಿ. ಒಂದೇ ಅಲ್ಲ, ಎಷ್ಟು ಬೇಕಾದರೂ ಒಟ್ಟಿಗೆ ಕೂಡಿಸೋಕೆ ಬರುತ್ತೆ. ಬರೆಯೋದಿಲ್ಲ, ಬೀರುಗೇ ಹೇಳ್ತೀನಿ."

"ಒಂದನೇ ಕುರ್ಚಿ, ಸರಿಯಿದೆ. ಎರಡನೇದು, ಎರಡು ಕೂಡಿಸು. ಮೂರನೇದು ಸರಿ. ನಾಲ್ಕನೇದು..." ಅವಳು ಬೆರಳು ಮಡಚಿ ಎಣಿಸಿದಳು. "ಅದು ಮೂರೋ ನಾಲ್ಕೋ ಕಡಿಮೆ. ನಾಲ್ಕು ಅಂತಲೇ ಕೂಡಿಸು. ಅನುಮಾನ ಬಂದರೆ ಹೆಚ್ಚಿಗೇ ಇರಲಿ. ಐದನೇದು, ದರ್ಜಿ ಅಜ್ಜಂದು. ಐದು ಕೂಡಿಸು."

ಅವನು ಒತ್ತಿದ. ಗೋಡೆಯ ಪರದೆಯಲ್ಲಿ ದರ್ಜಿಯ ಸಾಲು ಹತ್ತಕ್ಕೇರಿ ಕೆಂಪಾಯಿತು. ಪಕ್ಕದಲ್ಲಿ 'ಎಸೆಯಿರಿ' ಎಂದು ಮೂಡಿತು.

ಅವಳು ವ್ಯವಸ್ಥಾಪಕರ ಕಣ್ಣೆದುರೇ ಫಿಲ್ಟರನ್ನು ಹಳದಿ ಚೀಲಕ್ಕೆ ಹಾಕಿ, ಕೀಲಿಗಾಗಿ ಅಂಗೈ ಚಾಚಿದಳು. ಅವರು ಕೀಲಿ ಕೊಡುತ್ತಾ, ಆ ಪತ್ರವನ್ನು ವಾಪಸ್ ಪಡೆಯುವುದಾಗಿ ಹೇಳಿದರು, ತಂದುಕೊಟ್ಟರೆ ಹರಿದುಹಾಕಬಹುದು ಎಂದರು.

"ಹರೀಬೇಡಿ ಸಾರ್. ತಪ್ಪಾಗಿ ಕೊಟ್ಟೆ ಅಂತ ಅದರ ಕೆಳಗೇ ಬರೀರಿ. ಮೊದಲಿನದ್ದಕ್ಕೆ ಹಾಕಿದ ಹಾಗೇ ಸಹಿ ಹಾಕಿ. ಸೋಮವಾರ ಆ ಪತ್ರ ಕೊಡುವಾಗ ನಿಮ್ಮ ಬಾಗಿಲು ತೆರೆದಿತ್ತು, ಹೊರಗೆ ನಾಲ್ಕು ಜನ ಕೂತಿದ್ದರು. ಇದನ್ನೂ ಬಾಗಿಲು ತೆರೆದೇ ಕೊಡಿ."

ಅವರು ತಲೆಯಾಡಿಸಿದರು. ಒಪ್ಪಿಗೆಯೋ, ಆಮೇಲೆ ನೋಡೋಣವೆಂದೋ, ಗೊತ್ತಾಗಲಿಲ್ಲ. ಅವಳೇನೂ ನಂಬಿ ಕೂರಲಿಲ್ಲ. ಹನ್ನೆರಡಕ್ಕೆ ಮೊದಲು ತಾನೇ ಪತ್ರ ಹಿಡಿದು ಅವರ ಕೋಣೆಗೆ ಹೋಗುವುದೆಂದು ಆಗಲೇ ತೀರ್ಮಾನಿಸಿದ್ದಳು.

ಮೈದುನನ ಫೋನು ಮತ್ತೆ ಅದುರಿತು. ಈ ಸಲ ಅವನು ಹೊರತೆಗೆದು ಹೆಸರು ನೋಡಿದ. ದೊಡ್ಡವರು. ಆರಿಸಿ ಜೇಬಿಗಿಟ್ಟುಕೊಂಡ. ಅತ್ತಿಗೆ ಏನಾದರೂ ಹೇಳುತ್ತಾಳೇನೋ ಎಂಬಂತೆ ತಲೆ ಎತ್ತಿದ.

ಅವಳು ಹೊಸ ಫಿಲ್ಟರಿನ ಲಕೋಟೆ ಹರಿಯುತ್ತಿದ್ದಳು.

"ಆರನೇ ಕುರ್ಚಿ," ಎಂದಳು ಅವನ ಕಡೆ ನೋಡದೆ. "ಮೂರು ಕೂಡಿಸು. ಇನ್ನೂ ಹದಿನಾರಿವೆ."